ನೀರು ಸುರಿದ ಒಲೆ

"ಅವ್ವಾ, ಮಂಚಮ್ಮಜ್ಜಿ ಅವಳ ಒಲೆಗೆ ಯಾಕೆ ನೀರು ಸುರಿದ್ಲು?"

ಹಿತ್ತಿಲ ಬೇಲಿ ನುಸುಳಿ ಬಂದ ಮಗಳು ಮಲ್ಲಾಜಿ ಹೀಗೆ ಕೇಳಿದಾಗ ಗಂಗಾಂಬಿಕೆ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಳು. ಕೈ ಅಲ್ಲೇ ನಿಂತಿತು.

"ಏನೋ ಉಕ್ಕಿರಬೇಕು ಬಿಡು."

"ಇಲ್ಲ ಕಣವ್ವ, ಚೊಂಬಲ್ಲಿ ಸುರಿದ್ಲು. ಬುಸ್ ಅಂತು. ಹುರಿಯೋ ಮರಳನ್ನೂ ತಿಪ್ಪೆಗೆ ಎಸೆದುಬಿಟ್ಲು."

ಗುಂಡ್ಲುಪೇಟೆಯಲ್ಲಿ ಊಟಿ ಬಸ್ಸು ನಿಲ್ಲುವ ಕಡೆ ಕಡಲೇಕಾಯಿ ಹುರಿದು ಮಾರುತ್ತಿದ್ದವಳು ಮಂಚಮ್ಮ. ಗಂಡ ತೀರಿಕೊಂಡು, ಮಗಳು ಭೀಮನಬೀಡಿಗೆ ಸೊಸೆಯಾಗಿ ಹೋದ ಮೇಲೆ ಆ ಬಾಣಲೆ, ಆ ಮರಳೇ ಅವಳ ಸಂಸಾರ. ಅವಳ ಒಲೆಯ ಬೆಂಕಿ ಅವಳು ಮದುವೆಯಾಗಿ ಬಂದಾಗಿನದು. ಕಡ್ಡಿ ಗೀರಿದವಳೇ ಅಲ್ಲ. ರಾತ್ರಿ ಬೂದಿ ಮುಚ್ಚಿಟ್ಟು, ಬೆಳಿಗ್ಗೆ ಕೆದಕಿ, ಊದಿ ಎಬ್ಬಿಸುತ್ತಿದ್ದಳು.

ವರ್ಷಕ್ಕೊಮ್ಮೆ, ಊಟಿಯ ಕಾಲ ಮುಗಿದು ಬಸ್ಸುಗಳು ಖಾಲಿ ಓಡತೊಡಗಿದಾಗ, ಹುರಿಹಿಟ್ಟಿನ ಗಂಟು ಹೊತ್ತು ಗೋಪಾಲಸ್ವಾಮಿ ಬೆಟ್ಟದ ಬುಡದ ಹಾಳು ಮಂಟಪಕ್ಕೆ ಒಬ್ಬಳೇ ಹೋಗಿಬಿಡುವಳು. ಹೋಗುವ ದಿನ ಮಡಕೆ ಓಡಿನಲ್ಲಿ ಒಂದು ಕೆಂಡ ತಂದು ಪಕ್ಕದ ಮನೆಯ ಗಂಗಾಂಬಿಕೆಯ ಒಲೆಗೆ ಹಾಕುವಳು. "ಆರದಂಗೆ ನೋಡ್ಕೊ ಕಣವ್ವ, ಬಂದು ಇಸ್ಕತೀನಿ." ಬಂದ ದಿನ ಅದೇ ಓಡಿನಲ್ಲಿ ಕೆಂಡ ಒಯ್ಯುವಳು.

ಹೋದ ವರ್ಷ ಗಂಡ ನಂಜುಂಡಪ್ಪನಿಗೆ ತಾಲ್ಲೂಕು ಕಚೇರಿಯಲ್ಲಿ ರಜ ಸಿಕ್ಕಿ ಗಂಗಾಂಬಿಕೆಯೂ ಊಟಿ ನೋಡಿ ಬಂದಿದ್ದಳು. ಘಟ್ಟದಲ್ಲಿ ಮಗುವಿಗೆ ವಾಂತಿ, ಮೇಲೆ ಕೊರೆಯುವ ಚಳಿ, ಗಂಡನ ಸ್ನೇಹಿತರ ಕೋಣೆಯಲ್ಲಿ ಸೀಮೆಎಣ್ಣೆ ಸ್ಟೌ ಮುಂದೆ ಮೂರೊತ್ತೂ ಅಡಿಗೆ. ಕ್ಯಾರೆಟ್ಟಿನ ಚೀಲ ಹೊತ್ತು ಬಸ್ಸಿಳಿದವಳನ್ನು ಕಂಡು ಮಂಚಮ್ಮ ನಕ್ಕಿದ್ದಳು.

"ರಜ ಅಂತ ಊಟಿಗೆ ಓದೋಳು ಒಲೆನೂ ಹೊತ್ಕಂಡೇ ಓಗಿದ್ಯಲ್ಲ ತಾಯಿ! ನಾನು ನೋಡು, ಒಲೆನ ನಿನ್ನ ತಲೆಗೆ ಕಟ್ಬುಟ್ಟು ಓಯ್ತೀನಿ."

"ಅಲ್ಲಿ ಒಬ್ಳೇ ಕೂತು ಏನು ಮಾಡ್ತೀಯಜ್ಜಿ?"

"ಏನೂ ಇಲ್ಲ. ಕಡ್ಲೇಕಾಯ್ ಅಂತ ಕೂಗಿ ಕೂಗಿ ಬಾಯಿ ಸವೆದೋಗ್ಯದೆ. ಸುಮ್ಕಿರ್ತೀನಿ. ಆಮೇಕೆ ಒಂದಿನ ಜನ ಬೇಕು ಅನ್ನಿಸ್ತದೆ. ಎದ್ದು ಬತ್ತೀನಿ."

ಈ ಸಲ ಊಟಿಯ ಕಾಲ ಇನ್ನೂ ಮುಗಿದಿರಲಿಲ್ಲ. ಬಸ್ಸುಗಳು ತುಂಬಿ, ಮೇಲೆ ಹಾಸಿಗೆ ಸುರುಳಿ ಹೇರಿಕೊಂಡು ಹೋಗುತ್ತಿದ್ದವು. ಜರಡಿ ಕೆಳಗಿಟ್ಟು ಎದ್ದ ಗಂಗಾಂಬಿಕೆಗೆ ಒಂದೊಂದೇ ಹೊಳೆಯಿತು. ಮಂಚಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಷ್ಟೋ ದಿನವಾಗಿತ್ತು. ಕಡಲೇಕಾಯಿಯನ್ನು ಕೈಗೆ ಕೊಡದೆ ಜಗಲಿ ಕಲ್ಲಿನ ಮೇಲಿಟ್ಟು ದೂರ ಸರಿಯುತ್ತಿದ್ದಳು. ನಕ್ಕರೂ ಬಾಯಿಗೆ ಸೆರಗು. ಯಾವುದಕ್ಕೋ ಮುನಿಸಿಕೊಂಡಿದ್ದಾಳೆ, ತಾನೇ ಸರಿಹೋಗುತ್ತಾಳೆ ಎಂದು ಗಂಗಾಂಬಿಕೆ ಸುಮ್ಮನಿದ್ದಳು.

ಮಗಳನ್ನು ಅಲ್ಲೇ ಕೂರಿಸಿ ಹೋದಳು. ಬಾಗಿಲಲ್ಲೇ ಮಂಚಮ್ಮ ಕೈ ಅಡ್ಡ ಚಾಚಿದಳು.

"ಅಲ್ಲೇ ನಿಂತ್ಕೊ."

"ಈ ಸಲ ಕೆಂಡ ಕೊಡಲ್ವಾ ಅಜ್ಜಿ?"

"ಕೊಡಾಕಿಲ್ಲ. ದಿನಾ ನನ್ನ ಬಾಯಲ್ಲಿ ಊದಿದ ಬೆಂಕಿ ಅದು." ಅಷ್ಟರಲ್ಲಿ ಕೆಮ್ಮು ಹತ್ತಿತು. ಸೆರಗು ತೆಗೆದಾಗ ಅದರಲ್ಲಿ ಕುಂಕುಮದ ಬೊಟ್ಟಿನಗಲ ರಕ್ತ.

ಚಂದಕವಾಡಿಯ ತವರಿನಲ್ಲಿ ಗಂಗಾಂಬಿಕೆಯ ಚಿಕ್ಕಪ್ಪ ಹೀಗೇ ಕ್ಷಯದಿಂದ ಹೋಗಿದ್ದ, ಅವನ ಬೆನ್ನಿಗೇ ಅವನ ಕೂಸು. ಅವಳ ಕಾಲು ತಾನಾಗಿ ಹಿಂದೆ ಸರಿಯಿತು. ಸರಿದದ್ದು ಮಂಚಮ್ಮನ ಕಣ್ಣಿಗೂ ಬಿತ್ತು.

"ಹಂಗೇ ಇರು. ಅದೇ ಸರಿ."

"ಮೈಸೂರಿನ ಆಸ್ಪತ್ರೆಯಲ್ಲಿ ಈಗ ಇದಕ್ಕೆ ಸೂಜಿ ಬಂದಿದೆಯಂತೆ ಅಜ್ಜಿ. ಇವರಿಗೆ ಹೇಳ್ತೀನಿ, ನಾಳೆ ಬೆಳಗಿನ ಬಸ್ಸಿಗೇ..."

"ಬಸ್ ತುಂಬ ಮಕ್ಳಿರ್ತವೆ ಕಣವ್ವ. ಬುಡು. ಮಂಟಪ ನಂಗೆ ಗೊತ್ತಿರೋ ಜಾಗ."

"ಆಗ ಜನ ಬೇಕು ಅನ್ನಿಸಿದ ದಿನ ನೀನು ಎದ್ದು ಬರ್ತಿದ್ದೆ ಅಜ್ಜಿ. ಈಗ ಅನ್ನಿಸಿದ್ರೆ?"

ಮಂಚಮ್ಮ ಹುರಿಹಿಟ್ಟಿನ ಗಂಟು ಬಿಗಿದಳು. ಅದು ವರ್ಷವರ್ಷದ ಗಂಟಿನ ಅರ್ಧವೂ ಇರಲಿಲ್ಲ. ಗಂಗಾಂಬಿಕೆ ಅದನ್ನು ನೋಡಿ ಅಂದಳು:

"ವಾರವಾರ ಹಿಟ್ಟು, ಬೆಲ್ಲ ಕಳಿಸ್ತೀನಿ. ತಂದವರು ದೂರದ ಬಂಡೆ ಮೇಲಿಟ್ಟು ಬರ್ತಾರೆ. ತಗೋಬೇಕು ನೀನು."

"ಕಳ್ಸು. ಇಟ್ಟದ್ದು ಇಟ್ಟಂಗೇ ಇದ್ರೆ ಆಮೇಕೆ ಕಳ್ಸಬ್ಯಾಡ."

"ಅಜ್ಜೀ, ಎಲ್ಲಿಗೆ?" ಬೇಲಿಯಾಚೆಯಿಂದ ಮಲ್ಲಾಜಿ ಕೂಗಿದಳು.

ಮಂಚಮ್ಮ ಗಂಟನ್ನು ಬೆನ್ನ ಹಿಂದೆ ಮರೆಮಾಡಿ, ದನಿ ತಗ್ಗಿಸಿ ಅಂದಳು: "ಮಲ್ಲಾಜಿಗೆ ಬೆಟ್ಟಕ್ಕೆ ಓದ್ಳು ಅನ್ಬ್ಯಾಡ, ಅಜ್ಜಿ ಅಂತ ಹಿಂದೇ ಓಡ್ಬತ್ತದೆ. ಊಟಿಗೆ ಓದ್ಳು ಅನ್ನು. ಊಟಿಗೆ ಓದೋರೆಲ್ಲ ಬಂದೇ ಬತ್ತಾರೆ ಅಂತ ತಿಳ್ಕಂಡದೆ ಕೂಸು. ಕಾಯ್ತಾ ಇರ್ತದೆ, ಅಳಾಕಿಲ್ಲ. ಇದೊಂದು ನಡ್ಸಿಕೊಡವ್ವ."