ಸ್ಯಾಂಪಲ್ ಚೀಲ ಕಟ್ಟಿದ ತಂತಿ

ತೊಂಬತ್ತರ ದಶಕದಲ್ಲಿ ಆಲ್ದೂರಿನ ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಟೇಪ್ ರೆಕಾರ್ಡರ್ ರಿಪೇರಿ ಅಂಗಡಿ ಇತ್ತು. ಪೆನ್ಸಿಲ್ ಹಾಕಿ ತಿರುಗಿಸಿದರೆ ಸರಿಹೋಗುವ ಕ್ಯಾಸೆಟ್ಟನ್ನು ಎಳೆದು ಹರಿದು ತರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಹತ್ತಿರದ ಕಾಫಿ ಎಸ್ಟೇಟಿನಿಂದ ನನ್ನನ್ನು ಕರೆದೊಯ್ಯಲು ಜೀಪು ಬಂತು. ತೋಟದ ಅಮ್ಮಾವರಿಗೆ ಎಪ್ಪತ್ತು ದಾಟಿತ್ತು. ಯಜಮಾನರು ತೀರಿಕೊಂಡು ಮೂವತ್ತು ವರ್ಷ. ಬಂಗಲೆಯ ಮೇಜಿನ ಮೇಲೆ ಒಂದು ಪೆಟ್ಟಿಗೆ ಕೂತಿತ್ತು. ಟೇಪು ಬರುವ ಮೊದಲು ದನಿಯನ್ನು ಉಕ್ಕಿನ ತಂತಿಯಲ್ಲಿ ಹಿಡಿಯುತ್ತಿದ್ದರೆಂದು ಓದಿದ್ದೆ. ಕೂದಲಷ್ಟು ತೆಳುವಾದ ತಂತಿ ಓಡುತ್ತದೆ, ಮಾತು ಅದರಲ್ಲಿ ಅಯಸ್ಕಾಂತವಾಗಿ ಉಳಿಯುತ್ತದೆ. ಅಂಥ ಯಂತ್ರವನ್ನು ಕಣ್ಣಾರೆ ಕಂಡದ್ದು ಅಂದೇ. ಇಂಗ್ಲಿಷ್ ದೊರೆ ತೋಟ ಮಾರಿ ಹೋಗುವಾಗ ಬಿಟ್ಟುಹೋದದ್ದಂತೆ.

“ಅವ್ರ ಮುಖ ಫೋಟೋದಲ್ಲಿದೆ. ದನಿ ಮರ್ತೇ ಹೋಗಿದೆ. ಇದ್ರಲ್ಲಿ ಆಗಾಗ ರೆಕಾರ್ಡ್ ಮಾಡ್ತಿದ್ರು. ಒಂದ್ಸಲ ಕೇಳ್ಬೇಕು ಮಾರಾಯ,” ಎಂದರು ಅಮ್ಮಾವರು.

ಎರಡು ದಿನ ಒದ್ದಾಡಿ ಯಂತ್ರ ತಿರುಗುವಂತೆ ಮಾಡಿದೆ. ಆದರೆ ತಂತಿಯ ರೀಲು ಖಾಲಿ. ರೈಟರನ್ನು, ಅಂದರೆ ಎಸ್ಟೇಟಿನ ಗುಮಾಸ್ತರನ್ನು, ಕರೆಸಿದರು.

“ತುಕ್ಕೇ ಹಿಡಿಯದ ತಂತಿ ಅಮ್ಮಾವ್ರೇ. ಸುಮ್ನೆ ಬಿದ್ದಿತ್ತು. ಸ್ಯಾಂಪಲ್ ಚೀಲ ಕಟ್ಟೋಕೆ ತಗೊಂಡೆ,” ಎಂದರು ಅವರು.

ಪ್ರತಿ ಸಲ ಕಾಫಿ ಒಣಗಿದಾಗ ಎರಡು ಸ್ಯಾಂಪಲ್ ಚೀಲ ಕಟ್ಟುವುದು ಅಲ್ಲಿನ ರೂಢಿ: ಒಂದು ಬೀಜ ಸುಲಿದು ಹಸನು ಮಾಡುವ ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸಿಗೆ, ಇನ್ನೊಂದು ಗೋಡೌನಿನ ಮೊಳೆಗೆ. ಹೀಗೆ ಯಜಮಾನರ ಅರ್ಧ ಮಾತು ಚಿಕ್ಕಮಗಳೂರು ಸೇರಿತ್ತು. ರೈಟರನ್ನೇ ಆ ಮೊಳೆಗೆ ನೇತುಹಾಕುವಷ್ಟು ಸಿಟ್ಟು ಬಂತು ನನಗೆ. ಪುಣ್ಯಕ್ಕೆ ಅವರು ಏನನ್ನೂ ಬಿಸಾಡುವವರಲ್ಲ. ಹಳೆಯ ಚೀಲಗಳೆಲ್ಲ ಅಲ್ಲೇ ತೂಗುತ್ತಿದ್ದವು.

ನಾನೂ ರೈಟರೂ ಕೂತು ತಂತಿ ಬಿಚ್ಚಿದೆವು. ಒಂದೊಂದು ತುಂಡೂ ಮೊಳದುದ್ದ. ಗಂಟು ಹಾಕಿ ಜೋಡಿಸಿದರೆ ತಂತಿ ಓಡುತ್ತದೆ, ಆದರೆ ಒಂದು ಮೊಳದಲ್ಲಿ ಒಂದು ಸೆಕೆಂಡಿನ ಮಾತೂ ಇರುವುದಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಲು ದೇವರೇ ಬರಬೇಕಿತ್ತು. ಸಿಕ್ಕಿದಂತೆ ಕಟ್ಟಿದೆವು.

ಅಮ್ಮಾವರು ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಹಾಕಿದೆ. ಟಕ್, ಒಂದು ಚೂರು ದನಿ. ಟಕ್, ಇನ್ನೊಂದು ಚೂರು. ಎಲ್ಲವೂ ಯಾರೋ ಹುಡುಗಿಯದು, ನಾಚಿಕೊಂಡು ನಗುತ್ತಿದ್ದಳು.

“ಇದು ನಾನು,” ಎಂದರು ಅಮ್ಮಾವರು. “ಮೈಕ್ ಹಿಡ್ಕೊಂಡು ನನ್ನನ್ನೇ ಮಾತಾಡಿಸ್ತಿದ್ರು. ಅವ್ರು ಮಾತಾಡಿದ್ದೇ ಇಲ್ಲ.”

ರೈಟರು ಬಾಗಿಲ ಬಳಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು, ಬೈಯುವುದಕ್ಕೂ ಆಗಲಿಲ್ಲ.

ತಂತಿ ಮುಗಿಯುತ್ತ ಬಂದಾಗ ಗಂಡಸಿನ ದನಿ, ತೀರ ಹತ್ತಿರದಿಂದ: “ಹೂಂ, ಹೇಳು.” ಟಕ್.

“ಇನ್ನೊಂದ್ಸಲ,” ಎಂದರು ಅಮ್ಮಾವರು. ಹಾಕಿದೆ. ಆ ಒಂದು ಮೊಳವನ್ನು ಎಷ್ಟು ಸಲ ಓಡಿಸಿದೆನೋ ನೆನಪಿಲ್ಲ. ಕೊನೆಗೆ ಅಮ್ಮಾವರು ಸೆರಗು ಸರಿಮಾಡಿಕೊಂಡು ಯಂತ್ರದ ಕಡೆ ಬಾಗಿದರು.

“ಎಲ್ಲಿಂದ ಶುರು ಮಾಡ್ಲಿ?” ಎಂದರು.

ನಾನೂ ರೈಟರೂ ಎದ್ದು ಹೊರಗೆ ಹೋದೆವು.