ಕಡಬದ ಅರ್ಧ ಫೈಲ್

ಕೊರೊನಾ ಮುಗಿದ ಮರುವರ್ಷ. ಪುತ್ತೂರಿನ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ಸುಳ್ಯ, ಕಡಬಗಳಲ್ಲಿ ನಮ್ಮ ಶಾಖೆಗಳಿದ್ದವು. ಪರೀಕ್ಷಾ ಯಂತ್ರಗಳು ಪ್ರತಿ ರೋಗಿಯ ಫಲಿತಾಂಶವನ್ನು ಒಂದು ಫೈಲ್ ಮಾಡಿ ಫೋಲ್ಡರಿಗೆ ಹಾಕುತ್ತವೆ. ನಾನು ಬರೆದ ಪ್ರೋಗ್ರಾಂ ಪುತ್ತೂರಿನ ಫೋಲ್ಡರನ್ನು ಹತ್ತು ಸೆಕೆಂಡಿಗೊಮ್ಮೆ, ಶಾಖೆಗಳ ಫೋಲ್ಡರುಗಳನ್ನು ನಿಮಿಷಕ್ಕೊಮ್ಮೆ ಇಣುಕಿ ನೋಡಿ, ಸಿಕ್ಕಿದ್ದನ್ನು ತಂದು, ಮೂಲವನ್ನು ಅಳಿಸುತ್ತಿತ್ತು. ಇದಕ್ಕೆ ಪೋಲಿಂಗ್ ಎನ್ನುತ್ತಾರೆ. ಅದರ ಬಗ್ಗೆ ನನಗೆ ಬಹಳ ಜಂಬವಿತ್ತು.

ಆಗ ಈಶ್ವರಮಂಗಲದ ರಮ್ಲತ್ ಕೆಲಸಕ್ಕೆ ಸೇರಿದರು. ದುಬೈಯ ಆಸ್ಪತ್ರೆಯೊಂದರಲ್ಲಿ ಇದೇ ಕೆಲಸ ಮಾಡಿದ್ದವರು. ತಿಂಗಳೊಳಗೆ ಸುಳ್ಯದವರು ನನಗೆ ಫೋನ್ ಮಾಡುವುದನ್ನೇ ಬಿಟ್ಟರು. ಮಾಲಕರಾದ ಡಾಕ್ಟರರೂ ಏನೇ ಆದರೂ, "ರಮ್ಲತ್ ಒಮ್ಮೆ ನೋಡ್ಲಿ" ಎನ್ನತೊಡಗಿದರು. ನನಗೆ ಹೊಟ್ಟೆಕಿಚ್ಚು. ಮಧ್ಯಾಹ್ನದ ಊಟವೂ ರುಚಿಸುತ್ತಿರಲಿಲ್ಲ.

ಒಂದು ಸೋಮವಾರ ಅವರಿಂದ ಮೇಲ್ ಬಂತು. ವಿಷಯದ ಸಾಲು: 'ಕಡಬದ ಫೈಲ್‌ಗಳು ಅರ್ಧ ಬರುತ್ತಿವೆ.' ಇವರಿಂದ ನಾನು ಪಾಠ ಹೇಳಿಸಿಕೊಳ್ಳಬೇಕೆ ಎಂದು ತೆರೆಯಲೇ ಇಲ್ಲ.

ಗುರುವಾರ ರಮ್ಲತ್ ಓಡಿಬಂದರು. "ಸರ್, ಕಡಬದಲ್ಲಿ ರಕ್ತ ಕೊಟ್ಟ ಆಲಂಕಾರಿನ ಅಜ್ಜರೊಬ್ಬರಿಗೆ ಪೊಟ್ಯಾಸಿಯಂ ತುಂಬಾ ಜಾಸ್ತಿ ಉಂಟು. ರಿಪೋರ್ಟಿನಲ್ಲಿ ಆ ಸಾಲೇ ಬರ್ಲಿಲ್ಲ. ಅವರು ಮನೆಗೆ ಹೋಗಿ ಆಯ್ತು!"

ಪೊಟ್ಯಾಸಿಯಂ ಅಷ್ಟು ಏರಿದರೆ ಹೃದಯ ನಿಲ್ಲಬಹುದು. ಪುತ್ತೂರಿನ ಯಂತ್ರ ಇಡೀ ಫೈಲನ್ನು ಒಂದೇ ಸಲ ಬರೆಯುತ್ತದೆ. ಕಡಬದ ಹಳೆಯ ಯಂತ್ರ ಒಂದೊಂದು ಪರೀಕ್ಷೆ ಮುಗಿದಂತೆ ಒಂದೊಂದು ಸಾಲು ಸೇರಿಸುತ್ತದೆ. ನನ್ನ ಪ್ರೋಗ್ರಾಂ ನಡುವೆಯೇ ಎತ್ತಿಕೊಂಡು ಬರುತ್ತಿತ್ತು. ಮೂಲ ಫೈಲ್ ಅಳಿಸಿಹೋದ್ದರಿಂದ ಕೊನೆಯ ಸಾಲು ಬೇರೆ ಫೈಲಾಗಿ, ರೋಗಿಯ ಹೆಸರಿಲ್ಲದೆ ಬಂದು ತಿರಸ್ಕೃತ ಫೋಲ್ಡರಿಗೆ ಬೀಳುತ್ತಿತ್ತು. ರಮ್ಲತ್ ಅದನ್ನು ಅಲ್ಲಿಂದ ಹೆಕ್ಕಿ, ಕಡಬಕ್ಕೆ ಫೋನ್ ಮಾಡಿ ಯಾರದ್ದೆಂದು ಖಚಿತಪಡಿಸಿಕೊಂಡಿದ್ದರು. ಅಜ್ಜನ ಮಗನಿಗೂ ಅವರೇ ಫೋನ್ ಮಾಡಿದರು. ಮನೆಯವರು ಜೀಪಿನಲ್ಲಿ ಪುತ್ತೂರಿನ ಆಸ್ಪತ್ರೆಗೆ ಕರೆತಂದರು, ಅಜ್ಜ ಬದುಕಿಕೊಂಡರು.

ಫೈಲಿನ ಗಾತ್ರ ಸತತ ಐದು ನಿಮಿಷ ಬದಲಾಗದಿದ್ದರೆ ಮಾತ್ರ ತರುವಂತೆ ಸಂಜೆಯೊಳಗೆ ಪ್ರೋಗ್ರಾಂ ತಿದ್ದಿದೆ. ಆಮೇಲೆ ಡಾಕ್ಟರರು ಇಬ್ಬರನ್ನೂ ಕರೆಸಿದರು.

"ಇದು ಮೊದಲೇ ಗೊತ್ತಿರ್ಲಿಲ್ವಾ ಮಾರಾಯ್ರೆ?"

ರಮ್ಲತ್ ನನ್ನ ಮುಖ ನೋಡಲಿಲ್ಲ. "ಇಲ್ಲ ಸರ್, ಇವತ್ತೇ ಕಂಡದ್ದು."

ನನ್ನನ್ನು ಉಳಿಸಲು ಸುಳ್ಳು ಹೇಳಿದ್ದರು. ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ಮೊದಲು ಆದದ್ದು ಹೊಟ್ಟೆಕಿಚ್ಚೇ: ಈ ದೊಡ್ಡತನವೂ ಇವರಿಗೇ ಇರಬೇಕೆ ಎಂದು.

"ಸೋಮವಾರವೇ ಮೇಲ್ ಮಾಡಿದ್ರು ಸರ್," ಎಂದೆ. "ಇವರದ್ದು ಅಂತ ನಾನು ಓದ್ಲಿಲ್ಲ."

ಪ್ರೋಗ್ರಾಮಿನ ತಪ್ಪು ತಿದ್ದಲು ಒಂದು ಮಧ್ಯಾಹ್ನ ಸಾಕಾಯಿತು. ನನ್ನದನ್ನು ತಿದ್ದಿಕೊಳ್ಳಲು ಅಂಥ ಸುಲಭದ ದಾರಿ ಸಿಗಲಿಲ್ಲ. ಈಗಲೂ ರಮ್ಲತ್ ಅವರ ಮೇಲ್ ಬಂದರೆ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತದೆ. ಆದರೆ ಮೊದಲು ತೆರೆಯುವುದು ಅದನ್ನೇ.