ಎಡಕ್ಕೆ ಹೋಗುವ ಪಿಸ್ತೂಲು

ಮೊನ್ನೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಎರಡು ಹನಿ ಕೈಮೇಲೆ ಬಿತ್ತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ಪಕ್ಕದ ಮನೆಯ ಡಾಕ್ಟರ್ ಕಾಕಾ ಬೇಲಿಯಾಚೆಯಿಂದ ಕರೆದ ಹಾಗಾಯಿತು. ಎದ್ದು ಕಿಟಕಿಯವರೆಗೂ ಹೋದೆ, ನನ್ನ ಬುದ್ಧಿಗಿಷ್ಟು! ಅವರು ತೀರಿಕೊಂಡು ಒಂದು ಚಳಿಗಾಲ ಕಳೆದಿದೆ...

ನಾನು ಮೈಸೂರಿನವಳು. ಈ ಪರದೇಶದ ಕಿಂಗ್ಸ್‌ಬರಿಯಲ್ಲಿ ಮನೆಯಲ್ಲೇ ಕೂತು ಊರವರಿಗೆಲ್ಲ ಸೀರೆ ಬ್ಲೌಸ್ ಹೊಲಿಯುತ್ತೇನೆ. ಕಾಕಾ ಧಾರವಾಡದವರು, ಮೂಳೆ ಡಾಕ್ಟರು. ರಿಟೈರ್ ಆದಮೇಲೂ ವಾರಕ್ಕೆ ಎರಡು ದಿನ ಆಸ್ಪತ್ರೆಗೆ ಹೋಗಿ ಮೊಣಕಾಲು ಆಪರೇಶನ್ ಮಾಡಿ ಬರುತ್ತಿದ್ದರು. ನಮ್ಮ ಕಡೆ ಕಾಕಾ ಅನ್ನುವ ರೂಢಿಯಿಲ್ಲ. ಆದರೆ ಅಂಕಲ್ ಎಂದರೆ ಅವರು ಸಿಡುಕುತ್ತಿದ್ದರು, ಹಾಗಾಗಿ ನನಗೂ ಕಾಕಾ ಆದರು.

ಒಂದು ದಿನ ಬಂದು, ಬ್ಲೌಸ್ ಕತ್ತರಿಸಿದ ಚೂರುಗಳಿದ್ದರೆ ಕೊಡು ಎಂದರು. ಎರಡು ಚೀಲ ಕೊಟ್ಟೆ. ಯಾಕೆ ಎಂದು ಕೇಳಿದ್ದಕ್ಕೆ ತಮ್ಮ ಹಿತ್ತಲಿಗೆ ಕರೆದುಕೊಂಡು ಹೋದರು. ಶೆಡ್ಡಿನ ಗೋಡೆಗೆ ಒರಗಿಸಿದ ದೊಡ್ಡ ಪೆಟ್ಟಿಗೆ, ಅದರೊಳಗೆ ಈಗ ನನ್ನ ಚೂರುಗಳು, ಮುಂದುಗಡೆ ಕಪ್ಪು ವೃತ್ತವಿದ್ದ ಒಂದು ಕಾರ್ಡು. ಈಚೆ ಮೇಜಿನ ಮೇಲೆ ಪಿಸ್ತೂಲು! ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಈ ದೇಶದಲ್ಲಿ ಪಿಸ್ತೂಲು ಇಟ್ಟುಕೊಂಡರೆ ಜೈಲೇ ಗತಿ ಅಲ್ಲವೇ? ಕಾಕಾ ನಕ್ಕುಬಿಟ್ಟರು. ಇದು ಗ್ಯಾಸಿನ ಒತ್ತಡಕ್ಕೆ ಸಣ್ಣ ಗುಂಡು ಹಾರಿಸುವ ಪಿಸ್ತೂಲಂತೆ, ನನ್ನ ಚೂರುಗಳು ಆ ಗುಂಡು ತಡೆಯಲಂತೆ, ದೊಡ್ಡವರು ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಂತೆ.

ಅವರಪ್ಪ ಧಾರವಾಡದಲ್ಲಿ ಪೊಲೀಸ್ ಫೌಜದಾರರಾಗಿದ್ದವರು. ಅವರ ಹತ್ತಿರ ಹಳೇ ಜರ್ಮನ್ ಪಿಸ್ತೂಲೊಂದಿತ್ತಂತೆ. ಭಾನುವಾರ ಅದನ್ನು ಒರೆಸುವ ಕೆಲಸ ಮಗನದು, ಅವ್ವನ ಹೊಲಿಗೆ ಮೆಷಿನ್ನಿನ ಎಣ್ಣೆ ಹಚ್ಚಿ. ಅದೇ ಮಾದರಿಯ ಗ್ಯಾಸಿನ ಪಿಸ್ತೂಲನ್ನು ಈಗ ಹೊಸದಾಗಿ ಮಾಡಿ ಮಾರುತ್ತಿದ್ದರು. ಅದೇ ಸಣಕಲು ನಳಿಗೆ, ಅದೇ ತೂಕ. ಹೊಡೆದಾಗಲೆಲ್ಲ ಹಿಂಭಾಗ ಮೊಣಕಾಲಿನ ಹಾಗೆ ಮಡಚಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ತೋರಿಸುವಾಗ ಕಾಕಾರ ಮುಖ ನೋಡಬೇಕಿತ್ತು... ಅಂದಿನಿಂದ ನನ್ನ ಮೆಷಿನ್ನಿನ ಎಣ್ಣೆ ಡಬ್ಬಿ ಅವರ ಮನೆಯಲ್ಲೇ ಹೆಚ್ಚು ಇರುತ್ತಿತ್ತು.

ಸಂಭ್ರಮ ಒಂದು ತಿಂಗಳೂ ಉಳಿಯಲಿಲ್ಲ. ಚಳಿಗೆ ಗ್ಯಾಸ್ ಏಳುವುದಿಲ್ಲ ಎಂದು ಮೊದಲ ದೂರು. ಆಮೇಲೆ ಶುರುವಾಯಿತು ನೋಡಿ, ಗುಂಡು ಎಡಕ್ಕೆ ಹೋಗುತ್ತದೆ ಎಂದು. ಅಂಗಡಿಗೆ ಈಮೇಲ್ ಬರೆಯುವ ಕೆಲಸ ನನ್ನ ಕೊರಳಿಗೆ ಬಿತ್ತು. ತಾನು ಬರೆದರೆ ಸಿಟ್ಟು ಬರುತ್ತದೆ, ನೀನಾದರೆ ಸಮಾಧಾನದಿಂದ ಬರೆಯುತ್ತೀ ಅನ್ನುವರು. ನಾನೂ ಕೋಲೆ ಬಸವನ ಹಾಗೆ ತಲೆಯಾಡಿಸಿ ಬರೆದೆ. ಅಂಗಡಿಯವರು ಒಂದು ವಾರ ಇಟ್ಟುಕೊಂಡು ನೋಡಿ, ಎಲ್ಲ ಸರಿಯಾಗಿದೆ ಎಂದು ವಾಪಸ್ ಕೊಟ್ಟರು. ಕಾಕಾ ಹಟ ಹಿಡಿದು ಬೇರೆಯದನ್ನೇ ತಂದರು. ಅದೂ ಎಡಕ್ಕೇ ಹೋಯಿತು.

ಆಯುಧಪೂಜೆಯ ದಿನ ಪಿಸ್ತೂಲನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಮ್ಮ ಮನೆಗೆ ಬಂದರು. ಮೆಷಿನ್ನಿನ ಪಕ್ಕ ಇಟ್ಟು, ಅದಕ್ಕೂ ಅರಿಶಿನ ಕುಂಕುಮ ಹಚ್ಚಿ ಮಂಗಳಾರತಿ ಮಾಡಿದೆ. ಮಾರನೇ ದಿನ ಬೇಲಿಯ ಹತ್ತಿರ ನಿಂತು, ನಿನ್ನ ಕುಂಕುಮ ಒಳಗೆ ಹೊಕ್ಕು ಇನ್ನಷ್ಟು ಎಡಕ್ಕೆ ಹೋಗುತ್ತಿದೆ ಎಂದು ನನ್ನ ಮೇಲೇ ಹರಿಹಾಯ್ದರು. ನನಗೂ ರೇಗಿತು. ಕುಣಿಯಲಾರದವರಿಗೆ ನೆಲ ಡೊಂಕು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ ನುಂಗಿಕೊಂಡೆ.

“ಹಂಗಾರ ನೀನ ಹೊಡದು ನೋಡು,” ಅಂದರು ಕಾಕಾ. “ನಾ ಸುಳ್ಳ ಹೇಳ್ತೀನೇನು?”

ಬೇಲಿಯ ಗೇಟು ದಾಟಿ ಹೋದೆ. ಅವರು ಹೊಸ ಕಾರ್ಡು ಸಿಕ್ಕಿಸಿ, ಪಿಸ್ತೂಲನ್ನು ನನ್ನ ಕೈಗೆ ದಾಟಿಸಿದರು. ಆಗ ನೋಡಿದೆ. ಅವರ ಬಲಗೈ ನಡುಗುತ್ತಿತ್ತು. ಚಳಿಯ ನಡುಕವಲ್ಲ ಅದು. ಅಷ್ಟರಲ್ಲಿ ಕೈಯನ್ನು ಕೋಟಿನ ಜೇಬಿಗೆ ಇಳಿಸಿಬಿಟ್ಟರು. ಎಷ್ಟೋ ದಿನದಿಂದ ನಮ್ಮ ಮನೆಯಲ್ಲಿ ಅರ್ಧ ಕಪ್ ಚಹಾ ಸಾಕು ಅನ್ನುತ್ತಿದ್ದುದು, ಈಮೇಲ್ ನನ್ನಿಂದಲೇ ಬರೆಸುತ್ತಿದ್ದುದು, ಎಲ್ಲ ಒಟ್ಟಿಗೆ ನೆನಪಾಯಿತು.

ಐದು ಗುಂಡು ಹೊಡೆದೆ. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೇನಲ್ಲ, ಹಾಗೆ ಹಿಡಿದು ಹೊಡೆದೆ. ಹತ್ತಿರ ಹೋಗಿ ನೋಡಿದರೆ ಐದೂ ಕಪ್ಪು ವೃತ್ತದ ನಟ್ಟನಡುವೆ. ಪಿಸ್ತೂಲಿನಲ್ಲಿ ಏನೂ ದೋಷವಿರಲಿಲ್ಲ. ಸೋಮವಾರ ಕಾಕಾರಿಗೆ ಆಪರೇಶನ್ ಇತ್ತು. ಯಾರದೋ ಮೊಣಕಾಲು, ಆ ಕೈ... ಹೇಳಲೇಬೇಕಿತ್ತು, ಅಲ್ಲವೇ? ನಾನೇನು ಮಾಡಿದೆ ಗೊತ್ತೇ? ಕಾರ್ಡು ಕಿತ್ತು ಮಡಚಿ ಕಾರ್ಡಿಗನ್ನಿನ ಜೇಬಿಗೆ ತುರುಕಿಕೊಂಡೆ.

“ಎಡಕ್ಕೇ ಹೋಗುತ್ತೆ ಕಾಕಾ. ನೀವು ಹೇಳಿದ್ದೇ ಸರಿ.”

“ಕಾರ್ಡ್ ಎಲ್ಲದ?”

“ಹರಿದುಹೋಯ್ತು.”

ಅವರು ನನ್ನ ಜೇಬನ್ನು ನೋಡಿದರೋ, ನನ್ನ ಮುಖ ನೋಡಿದರೋ, ಇವತ್ತಿಗೂ ಗೊತ್ತಿಲ್ಲ. ಎಡಗೈ ಚಾಚಿ ಪಿಸ್ತೂಲನ್ನು ತೆಗೆದುಕೊಂಡರು. ಆಮೇಲೆ, “ಹೊಲಿಯೋರ ಕೈ ಭಾಳ ಛಲೋ ಇರ್ತದವಾ,” ಎಂದು ಹೇಳಿ ಒಳಗೆ ಹೋದರು.

ಸೋಮವಾರ ಕಾಕಾ ಆಸ್ಪತ್ರೆಗೆ ಹೋಗಲಿಲ್ಲ. ಇನ್ನು ಆಪರೇಶನ್ ಮಾಡುವುದಿಲ್ಲ ಎಂದು ತಿಳಿಸಿಬಿಟ್ಟಿದ್ದರಂತೆ. ಕೇಳಿದವರಿಗೆಲ್ಲ ವಯಸ್ಸಾಯಿತು ಎಂದರು. ಆದರೆ ತಮ್ಮ ಕೈಯನ್ನು ಬೇರೆ ಡಾಕ್ಟರಿಗೆ ತೋರಿಸಲು ಇನ್ನೊಂದು ವರ್ಷ ತೆಗೆದುಕೊಂಡರು. ಅಷ್ಟರಲ್ಲಿ ನಡುಕ ಕಾಲಿಗೂ ಇಳಿದಿತ್ತು. ನಾನು ಅಂದೇ ಕಾರ್ಡು ಕೈಗಿಟ್ಟಿದ್ದರೆ ಆ ಒಂದು ವರ್ಷ ಉಳಿಯುತ್ತಿತ್ತೇನೋ. ಈ ಪಾಪ ನನ್ನನ್ನು ಬಿಟ್ಟಿಲ್ಲ.

ಇನ್ನೂ ಒಂದು ಗೊಂದಲವಿದೆ. ನನ್ನ ಮಾತು ನಂಬಿದ್ದರೆ ಆಪರೇಶನ್ ಯಾಕೆ ಬಿಟ್ಟರು? ನಂಬಿರದಿದ್ದರೆ, ಆಮೇಲೂ ನನ್ನಿಂದ ಮೂರು ದೂರು ಯಾಕೆ ಬರೆಸಿದರು? ಪಿಸ್ತೂಲು ಎತ್ತಲಾಗದೆ ಕುರ್ಚಿಯಲ್ಲಿ ಕೂತಿದ್ದಾಗಲೂ, ಅಂಗಡಿಯವರು ಮೋಸಗಾರರು ಎಂದು ಬರೆ ಅನ್ನುವರು. ನಾನು ಬರೆಯುತ್ತಿದ್ದೆ. ಅವರು ನನ್ನನ್ನು ಸಂತೈಸುತ್ತಿದ್ದರೋ, ನಾನು ಅವರನ್ನೋ... ದೇವರಿಗೇ ಗೊತ್ತು.

ಆ ಕಾರ್ಡು ಮೆಷಿನ್ನಿನ ಡ್ರಾಯರಿನಲ್ಲೇ ಇದೆ, ಬಾಬಿನ್ನುಗಳ ಕೆಳಗೆ. ಮೊನ್ನೆ ಎಣ್ಣೆ ಒರೆಸಿಕೊಂಡು ಅದನ್ನು ಹೊರಗೆ ತೆಗೆದು ನೋಡುತ್ತಾ ಕೂತಿದ್ದೆ. ಬಾಗಿಲು ಬಡಿದ ಸದ್ದಾಯಿತು. ಕಾಕೂ, ಅಂದರೆ ಕಾಕಾರ ಹೆಂಡತಿ, ಟವೆಲ್ಲಿನಲ್ಲಿ ಪಿಸ್ತೂಲು ಸುತ್ತಿಕೊಂಡು ನಿಂತಿದ್ದರು. ಮನೆ ಖಾಲಿ ಮಾಡಿ ಮಗಳ ಹತ್ತಿರ ಹೋಗುತ್ತಾರಂತೆ, ಇದನ್ನು ನೀನೇ ಇಟ್ಟುಕೋ ಎಂದರು. ಕೊಟ್ಟವರು ಹೋಗಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತರು.

“ಇದು ಎಡಕ್ಕ ಹೋಗ್ತಿತ್ತಲ್ಲವಾ? ನೀನೂ ಹೊಡದು ನೋಡಿದ್ದಿ ಅಂತಿದ್ರು.”

ಕಾರ್ಡು ನನ್ನ ಕೈಯಲ್ಲೇ ಇತ್ತು. ಬೆನ್ನ ಹಿಂದೆ ಹಿಡಿದುಕೊಂಡೆ.

“ಹೌದು ಕಾಕೂ,” ಅಂದೆ. “ಎಡಕ್ಕೇ ಹೋಗ್ತಿತ್ತು.”